ನೆರೆಗೆ ಇಳಿಯುವ ಕಾಲಿಗೆ

ಊರಿಗೆ ನೆರೆ ಬಂತೆಂದರೆ ನಮ್ಮ ಜನರನ್ನು ಯಾರೂ ಕರೆಯಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಪಕ್ಕದ ಮನೆಯವರೇ ಮೊದಲು ನೀರಿಗಿಳಿದವರು. ಇಂಥ ಹೊತ್ತಿನಲ್ಲಿ ದೋಣಿ ಇದೆಯಾ, ಹಗ್ಗ ಇದೆಯಾ, ಲೈಫ್ ಜಾಕೆಟ್ ಇದೆಯಾ ಎಂದೆಲ್ಲ ವಿಚಾರಿಸುತ್ತೇವೆ. ಕಾಲಿಗೇನು ಹಾಕಿದ್ದೀಯಪ್ಪ ಎಂದು ಕೇಳುವವರು ಕಡಿಮೆ.

ಕೆಸರು ಕಂಡರೆ ಚಪ್ಪಲಿ ಬಿಟ್ಟು ಇಳಿಯುವುದು ನಮ್ಮ ರೂಢಿ. ಗದ್ದೆಗೆ ಅದು ಸರಿಯೇ. ಅಲ್ಲಿನ ಮಣ್ಣು ಕಾಲಿಗೆ ಪರಿಚಯ. ನೆರೆಯ ಕೆಸರಿನಲ್ಲಾದರೋ ಒಡೆದ ಮನೆಗಳೇ ಹುದುಗಿರುತ್ತವೆ: ತಗಡು, ಗಾಜು, ಮೊಳೆ ಎದ್ದ ಹಲಗೆ, ಬೇಲಿಯ ಮುಳ್ಳುತಂತಿ. ಹವಾಯಿ ಚಪ್ಪಲಿಯನ್ನಂತೂ ಸೆಳವು ಸುಲಭವಾಗಿ ಕಿತ್ತುಕೊಂಡು ಹೋಗುತ್ತದೆ.

ಹಾಗಾದರೆ ಗಂಬೂಟು? ನೀರು ಅದರ ಬಾಯಿ ದಾಟುವವರೆಗೆ ಮಾತ್ರ ಅದು ಒಳ್ಳೆಯದು. ದಾಟಿತೋ, ಎರಡು ಕೊಡ ನೀರು ಕಾಲಿಗೆ ಕಟ್ಟಿಕೊಂಡಂತೆ. ದೋಣಿ ಹತ್ತಲು ಕಾಲೆತ್ತುವುದೇ ಕಷ್ಟ. ಎರೆಮಣ್ಣಿನಲ್ಲಿ ಕಾಲು ಮೇಲೆ ಬರುತ್ತದೆ, ಬೂಟು ಅಲ್ಲೇ ಉಳಿಯುತ್ತದೆ. ಆದರೆ ನೆರೆ ಇಳಿದ ಮೇಲೆ ಮನೆಯೊಳಗಿನ ರಾಡಿ ಬಳಿಯಲು ಗಂಬೂಟಿನಷ್ಟು ಉಪಕಾರಿ ಬೇರೊಂದಿಲ್ಲ.

ನೀರಿಗಿಳಿಯುವ ಶೂ ಒಳಗೆ ಬಂದ ನೀರನ್ನು ಹೊರಗೆ ಬಿಡಬೇಕು, ಕಾಲನ್ನು ಬಿಡಬಾರದು. ಹರಡು ಮುಚ್ಚಬೇಕು, ಲೇಸು ಬಿಗಿಯಾಗಿ ಕಟ್ಟುವಂತಿರಬೇಕು, ಆಳವಾದ ಗೀರುಗಳ ದಪ್ಪ ಅಟ್ಟೆ ಇರಬೇಕು. ಅಟ್ಟೆಯೊಳಗೆ ಮೊಳೆ ತಡೆಯುವ ಪದರವಿದ್ದರೆ ಇನ್ನೂ ಲೇಸು. ಕಟ್ಟಡದ ಕೆಲಸದ ಸೇಫ್ಟಿ ಶೂಗಳಲ್ಲಿ ಐಎಸ್ 15298 ಎಂಬ ಭಾರತೀಯ ಮಾನಕದ ಗುರುತಿನವು ಸಿಗುತ್ತವೆ. ಅದರ ಎರಡನೇ ಭಾಗದ ಪ್ರಕಾರ ಬೆರಳ ಮೇಲಿನ ಟೋಪಿ 200 ಜೂಲ್ ಹೊಡೆತ ತಾಳಬೇಕು. ಆದರೆ ಚರ್ಮದ್ದು ನೀರು ಕುಡಿದರೆ ಬೇಗ ಒಣಗುವುದಿಲ್ಲ. ಇವೇನೂ ಸಿಗದಿದ್ದರೆ ಲೇಸಿನ ಕ್ಯಾನ್ವಾಸ್ ಶೂ, ಒಳಗೆ ದಪ್ಪ ಕಾಲುಚೀಲ. ಬರಿಗಾಲಿಗಿಂತ ಎಷ್ಟೋ ವಾಸಿ. ಕೊಳ್ಳುವಾಗ ಕಾಲುಚೀಲ ಹಾಕಿಕೊಂಡು, ಸಂಜೆಯ ಹೊತ್ತು ಅಳತೆ ನೋಡಬೇಕು. ಆಗ ಪಾದ ಕೊಂಚ ಊದಿರುತ್ತದೆ.

ಶೂ ಇದೆಯೆಂದು ಧೈರ್ಯ ಮಿತಿ ಮೀರಬಾರದು. ಮ್ಯಾನ್‌ಹೋಲಿನ ಮುಚ್ಚಳ ಹಾರಿಹೋಗಿದ್ದರೆ ಅದನ್ನು ಕಂಡುಹಿಡಿಯಬೇಕಾದದ್ದು ಕೋಲು, ಕಾಲಲ್ಲ. ಸೆಳವಿನಲ್ಲಿ ಕೊಚ್ಚಿಹೋಗುವಾಗ ಎದ್ದು ನಿಲ್ಲಲು ಹವಣಿಸಿದರೆ ಕಲ್ಲುಗಳ ನಡುವೆ ಪಾದ ಸಿಕ್ಕಿ, ನೀರು ಮೈಯನ್ನು ಅದುಮಿಬಿಡುತ್ತದೆ. ಅಂಗಾತ ತೇಲಿ, ಕಾಲು ಮುಂದೆ ಮಾಡಿಕೊಳ್ಳಬೇಕು. ರಬ್ಬರು ಅಟ್ಟೆಯನ್ನು ನಂಬಿ ಕರೆಂಟು ಹರಿಯುವ ನೀರಿಗೆ ಇಳಿಯಲೇಬಾರದು. ನೀರಿನಿಂದ ಮೇಲೆ ಬಂದ ಮೇಲೂ ಅಪಾಯ ಮುಗಿಯುವುದಿಲ್ಲ: 2018ರ ನೆರೆಯ ನಂತರ ಕೇರಳದಲ್ಲಿ ಇಲಿಜ್ವರ ಹಬ್ಬಿತ್ತು. ಆ ರೋಗಾಣು ಗಾಯದ ಮೂಲಕ ಮೈ ಸೇರುತ್ತದೆ. ಆದ್ದರಿಂದ ಮೇಲೆ ಬಂದೊಡನೆ ಪಾದ ತೊಳೆದು, ಒರೆಸಿ, ಬೆರಳ ಸಂದಿ ನೋಡಿಕೊಳ್ಳಬೇಕು. ಧನುರ್ವಾಯು ಚುಚ್ಚುಮದ್ದು, ಇಲಿಜ್ವರದ ಮಾತ್ರೆಯ ವಿಷಯ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ನೆರೆ ಬಂದ ಊರಿಗೆ ಕಂಬಳಿ, ಅಕ್ಕಿ ಕಳಿಸುವ ಉದಾರಿಗಳು ನಮ್ಮಲ್ಲಿ ಬಹಳ. ಅವರಲ್ಲಿ ನನ್ನದೊಂದು ಬೇಡಿಕೆ: ಮುಂಗಾರಿಗೆ ಮೊದಲೇ ಹೊಳೆದಂಡೆಯ ಪಂಚಾಯಿತಿಗಳಿಗೆ ಬೇರೆ ಬೇರೆ ಅಳತೆಯ ಒಂದಷ್ಟು ಜೋಡಿ ಶೂ ಕೊಡಿಸಿ. ಇನ್ನೊಬ್ಬರನ್ನು ಹೊತ್ತು ತರುವವನ ಕಾಲು ಗಟ್ಟಿಯಿದ್ದರೆ ಇಬ್ಬರೂ ದಡ ಸೇರುತ್ತಾರೆ.