ಲೇಬಲ್ ಅಂದ್ರೆ ಬರೀ ಹೆಸರಲ್ಲ

ಲೇಬಲ್ ಅಂದ ತಕ್ಷಣ ನೆನಪಾಗೋದು ನೋಟ್‌ಬುಕ್ ಮೇಲೆ ಅಂಟಿಸೋ ಚೀಟಿ: ಹೆಸರು, ಕ್ಲಾಸು, ಸೆಕ್ಷನ್ನು. ಲಿನಕ್ಸ್‌ನಲ್ಲಿ ಪೆನ್‌ಡ್ರೈವ್ ವಿಷಯಕ್ಕೆ ಬಂದರೆ ಈ ಪದಕ್ಕೆ ಎರಡು ಅರ್ಥ ಇದೆ. ಒಂದು, ಫೈಲ್ ಸಿಸ್ಟಮ್‌ನ ಹೆಸರು. ಫೈಲ್ ಮ್ಯಾನೇಜರ್‌ನಲ್ಲಿ ಕಾಣಿಸೋದು ಅದು. ಇನ್ನೊಂದು ಡಿಸ್ಕ್ ಲೇಬಲ್, ಅಂದ್ರೆ ಪಾರ್ಟಿಷನ್ ಟೇಬಲ್. ಯಾವ ಪಾರ್ಟಿಷನ್ ಎಲ್ಲಿ ಶುರು, ಎಷ್ಟು ಉದ್ದ ಅನ್ನೋ ಪಟ್ಟಿ. ಎರಡನ್ನೂ ಒಂದೇ ಅಂದುಕೊಂಡರೆ ಏನಾಗುತ್ತೆ ಅಂತ ಕಳೆದ ಸೆಮಿಸ್ಟರ್ ಕಣ್ಣಾರೆ ನೋಡಿದೆ.

ನನ್ನ ರೂಮ್‌ಮೇಟ್‌ನ ಪೆನ್‌ಡ್ರೈವ್‌ನಲ್ಲಿ ಅವನ ಅಜ್ಜಿ ಹಾಡಿದ ಸೋಬಾನೆ ಪದಗಳಿದ್ದವು. ಅಜ್ಜಿ ತೀರಿಕೊಂಡು ಒಂದು ವರ್ಷ ಆಗಿತ್ತು. ಬೇರೆ ಕಾಪಿ ಇರಲಿಲ್ಲ. ಡ್ರೈವ್‌ಗೆ ಅಜ್ಜಿ ಹೆಸರಿಡೋಣ ಅಂತ ಅವನು ಎಲ್ಲಿಂದಲೋ ‘ಪಾರ್ಟೆಡ್’ನ ‘ಎಂಕೆಲೇಬಲ್’ ಇರೋ ಒಂದು ಸಾಲನ್ನ ಕಾಪಿ ಮಾಡಿ ರನ್ ಮಾಡಿದ. ಅದರಲ್ಲಿ ಸ್ಕ್ರಿಪ್ಟ್ ಮೋಡ್ ಆನ್ ಇದ್ದಿದ್ದರಿಂದ ‘ಡೇಟಾ ಹೋಗುತ್ತೆ, ಮುಂದುವರಿಯಲಾ?’ ಅನ್ನೋ ಪ್ರಶ್ನೆಯೂ ಬರಲಿಲ್ಲ. ಎಂಕೆಲೇಬಲ್ ಹೆಸರಿಡೋದಿಲ್ಲ, ಹಳೆ ಟೇಬಲ್ ಅಳಿಸಿ ಖಾಲಿ ಟೇಬಲ್ ಬರೆಯುತ್ತೆ. ಡ್ರೈವ್ ಕಾಣ್ತಿತ್ತು, ಪಾರ್ಟಿಷನ್ ಇರಲಿಲ್ಲ. ಅಮ್ಮನಿಗೆ ಏನಂತ ಹೇಳಲಿ ಅಂತ ಕೂತುಬಿಟ್ಟ.

ಆದರೆ ಹಾಡುಗಳು ಎಲ್ಲೂ ಹೋಗಿರಲಿಲ್ಲ. ಎಂಬಿಆರ್ ಪದ್ಧತಿಯಲ್ಲಿ ಈ ಪಟ್ಟಿ ಇರೋದು ಮೊದಲ 512 ಬೈಟ್‌ಗಳೊಳಗೆ, ಬರೀ 64 ಬೈಟ್: ತಲಾ 16 ಬೈಟ್‌ನ ನಾಲ್ಕು ಸಾಲು. ಪುಸ್ತಕದ ಪರಿವಿಡಿ ಹರಿದರೆ ಪಾಠ ಹರಿದ ಹಾಗಲ್ಲ. ಆಗ ಅದರ ಮೇಲೆ ಮತ್ತೇನೂ ಬರೆಯಬಾರದು, ಫಾರ್ಮ್ಯಾಟ್ ಅಂತೂ ಮಾಡಲೇಬಾರದು.

ಮೊದಲು ‘ಡಿಡಿ’ ಬಳಸಿ ಇಡೀ ಡ್ರೈವ್‌ನ ಇಮೇಜನ್ನ ಲ್ಯಾಪ್‌ಟಾಪ್‌ಗೆ ತೆಗೆದುಕೊಂಡ್ವಿ. ಆ ಇಮೇಜ್ ಮೇಲೆ ‘ಟೆಸ್ಟ್‌ಡಿಸ್ಕ್’ ರನ್ ಮಾಡಿ ಅನಲೈಸ್, ಆಮೇಲೆ ಕ್ವಿಕ್ ಸರ್ಚ್ ಕೊಟ್ವಿ. ಹಳೆ ಫ್ಯಾಟ್32 ಪಾರ್ಟಿಷನ್ ಸಿಕ್ತು. ‘ಪಿ’ ಒತ್ತಿದಾಗ ಫೈಲ್‌ಗಳ ಪಟ್ಟಿ ಬಂತು. ಹಾಡುಗಳನ್ನೆಲ್ಲ ಕಾಪಿ ಮಾಡಿಕೊಂಡ ಮೇಲಷ್ಟೇ ನಿಜವಾದ ಡ್ರೈವ್ ಮೇಲೂ ಅದನ್ನೇ ಹುಡುಕಿ ‘ರೈಟ್’ ಕೊಟ್ವಿ. ಅವನು ಇಯರ್‌ಫೋನ್ ಹಾಕದೆ ಮೊದಲ ಹಾಡು ಪ್ಲೇ ಮಾಡಿದ. ಕಾರಿಡಾರ್‌ನಲ್ಲಿ ಹೋಗ್ತಿದ್ದ ಇಬ್ಬರು ನಿಂತು ಕೇಳಿದ್ರು.

ಹೆಸರಿಡೋಕೆ ಬೇಕಾಗಿದ್ದು ‘ಫ್ಯಾಟ್‌ಲೇಬಲ್’ ಅನ್ನೋ ಪುಟ್ಟ ಕಮ್ಯಾಂಡ್. ಫ್ಯಾಟ್32 ಆದರೆ ಹೆಸರು 11 ಕ್ಯಾರೆಕ್ಟರ್ ದಾಟಬಾರದು. ಯಾವ ಕಮ್ಯಾಂಡ್ ಕೊಡೋ ಮುಂಚೆಯೂ ‘ಎಲ್‌ಎಸ್‌ಬಿಎಲ್‌ಕೆ’ ಹಾಕಿ, ಸೈಜ್ ನೋಡಿ ನಿಮ್ಮ ಡ್ರೈವ್ ಯಾವುದು ಅಂತ ಗುರುತಿಸಿಕೊಳ್ಳಿ. ‘ಎಸ್‌ಡಿಬಿ’ ಅಂದ್ರೆ ಇಡೀ ಡ್ರೈವ್, ‘ಎಸ್‌ಡಿಬಿ1’ ಅಂದ್ರೆ ಅದರೊಳಗಿನ ಮೊದಲ ಪಾರ್ಟಿಷನ್. ಹೆಸರು ಸೇರೋದು ಪಾರ್ಟಿಷನ್‌ಗೆ. ಹೆಸರಿಡೋ ಸಾಲಿನಲ್ಲಿ ಆ ಅಂಕಿ ಕಾಣದಿದ್ರೆ, ಎಂಟರ್ ಒತ್ತೋ ಮುಂಚೆ ಒಂದ್ನಿಮಿಷ ನಿಲ್ಲಿ.