ಹೊಳ್ಳಿಸಿ ಹಾಕ್ರಿ

ನಮ್ಮ ಅವ್ವಗ ರಾತ್ರಿ ಮಲಗೂ ಮುಂದ ಹಾಡು ಬೇಕು. ಅಪ್ಪ ಇದ್ದಾಗಿನಿಂದ ಬಂದ ರೂಢಿ. ಧಾರವಾಡ ಆಕಾಶವಾಣಿ ಹಚ್ಚಿ ಅಪ್ಪ ಟೇಪ್ ಮಾಡಿಕೊಂಡಿದ್ದ ಕ್ಯಾಸೆಟ್ ಒಂದು ಟ್ರಂಕಿನ ತುಂಬ ಇದ್ದವು. 60 ನಿಮಿಷದ ಕ್ಯಾಸೆಟ್ ಅಂದ್ರ ಒಂದು ಬಾಜೂಕ 30 ನಿಮಿಷ ಅಷ್ಟ. ರಾಗ ಇನ್ನೂ ಅರ್ಧಕ್ಕ ಇರೂದ್ರಾಗ ಟೇಪ್ ಮುಗೀತಿತ್ತು. ಅಪ್ಪ ಕತ್ತಲದಾಗ ಎದ್ದು ಹೊಳ್ಳಿಸಿ ಹಾಕ್ತಿದ್ರು.

ಅಪ್ಪ ಹೋದಮ್ಯಾಲೆ ಆ ಕ್ಯಾಸೆಟ್ ಎಲ್ಲಾ ಒಂದು ಅಂಗಡಿಗೆ ಕೊಟ್ಟು ಎಂಪಿತ್ರೀ ಮಾಡಿಸಿ ಅವ್ವನ ಮೊಬೈಲಿಗೆ ಹಾಕಿಕೊಟ್ಟೆ. ದೊಡ್ಡ ಕೆಲಸ ಮಾಡಿದೆ ಅಂತ ನನಗ ಹೆಮ್ಮಿ. ಒಂದಿನ ರಾತ್ರಿ ಆಕೀ ಬಾಜೂಕ ಮಲಗಿದ್ದೆ. ಗಂಗೂಬಾಯಿ ಹಾನಗಲ್ಲರ ಮಾಲಕಂಸ ನಡೆದಿತ್ತು. ನಡುವ ಒಮ್ಮಿಗ್ಲೇ ನಿಂತಿತು. ಮೊದಲನೇ ಬಾಜೂದ ಕೊನೀಗೆ ಉಳಿದ ಖಾಲಿ ಟೇಪನ್ನೂ ಅಂಗಡಿಯವ ಹಂಗ ತುಂಬಿಕೊಟ್ಟಿದ್ದ. ಅವ್ವ ನಿದ್ದಿಗಣ್ಣಾಗ ಅಂದ್ಲು, "ಏನ್ರೀ, ಹೊಳ್ಳಿಸಿ ಹಾಕ್ರಿ."

ಆಮ್ಯಾಲೆ ಎಚ್ಚರಾತು. ಏನೂ ಮಾತಾಡಲಿಲ್ಲ, ಆ ಕಡೆ ಮಗ್ಗಲಾದ್ಲು. ಹಾಡು ಮತ್ತ ಸುರು ಆದರೂ ಆಕೀಗೆ ನಿದ್ದಿ ಹತ್ತಲಿಲ್ಲ. ದಿನಾ ರಾತ್ರಿ ಹಿಂಗ ಆಗ್ತಿರಬೇಕಲ್ಲ ಅಂತ ನನಗೂ ಹತ್ತಲಿಲ್ಲ.

ಮರುದಿನ ಲ್ಯಾಪ್‌ಟಾಪ್ ತಗೊಂಡು ಕೂತೆ. ಆಡಾಸಿಟಿಯೊಳಗ ಮೌನ ಕಡಿಮಿ ಮಾಡೋ ಒಂದು ಸೌಲಭ್ಯ ಅದ. ಇಷ್ಟಕ್ಕಿಂತ ಸಣ್ಣ ದನಿ ಇಷ್ಟು ಹೊತ್ತು ಇದ್ದರ ಕತ್ತರಿಸು ಅಂತ ಹೇಳಿದರ ಆತು. ಎಲ್ಲಾ ಫೈಲಿಗೂ ಒಂದ ಸಲ ಹೊಡೆದೆ. ಹತ್ತು ನಿಮಿಷದಾಗ ಕೆಲಸ ಮುಗೀತು.

ಅವ್ವ ಐದು ನಿಮಿಷ ಕೇಳಿ ನನ್ನ ಮಾರಿ ನೋಡಿದ್ಲು. "ಯಾಕವಾ, ಅವರಿಗೆ ಉಸರು ತಗೊಳ್ಳಾಕೂ ಬಿಡವಲ್ಲಿ?"

ಕೂತು ಕೇಳಿದೆ, ಖರೇನ. ತಬಲಾ ಸುರು ಆಗೂಕ್ಕಿಂತ ಮೊದಲಿನ ಆಲಾಪದಾಗ ಒಂದು ಸ್ವರ ಹಚ್ಚಿ, ನಿಂತು, ಮುಂದಿಂದಕ್ಕ ಹೋಗ್ತಾರಲ್ಲ, ಆ ನಿಲ್ಲೂದನ್ನೆಲ್ಲಾ ಕಂಪ್ಯೂಟರ್ ಕತ್ತರಿಸಿತ್ತು. ಅಲ್ಲಿ ತಂಬೂರಿ ನುಡೀತಿತ್ತು. ನಾನು ಕೊಟ್ಟ ಲೆಕ್ಕಕ್ಕ ತಂಬೂರಿ ಅಂದ್ರ ಮೌನ.

ಅಸಲು ಫೈಲ್ ಬ್ಯಾರೆ ಇಟ್ಟಿದ್ದೆ, ಬಚಾವಾದೆ. ಎರಡನೇ ಸಲ ಕಿವಿಯಿಂದ ಕೇಳಿ ಕೈಯಿಂದ ಕತ್ತರಿಸಿದೆ. ಖಾಲಿ ಟೇಪ್ ತೆಗೆದಮ್ಯಾಲೂ ಒಂದು ಫೈಲಿನಿಂದ ಇನ್ನೊಂದಕ್ಕ ಹೋಗೂವಾಗ ಸಣ್ಣಗೆ ತಡವರಿಸ್ತಿತ್ತು. ಎಂಪಿತ್ರೀಯೊಳಗ ದನಿಯನ್ನ 1152 ಸ್ಯಾಂಪಲ್ಲಿನ ಡಬ್ಬಿ ಮಾಡಿ ತುಂಬ್ತಾರ. ಕೊನೀ ಡಬ್ಬಿ ತುಂಬದಿದ್ದರ ಉಳಿದ ಜಾಗಾದಾಗ ಮೌನ ಹಾಕ್ತಾರ, ಸುರುವಿಗೂ ಒಂಚೂರು ಸೇರತದ. ಹಿಂಗಾಗಿ ಎರಡೂ ಬಾಜೂ ಜೋಡಿಸಿ ಒಂದ ಫೈಲ್ ಮಾಡಿದೆ. ಒಂದು ರಾಗ ಮುಗಿದು ಇನ್ನೊಂದು ಸುರು ಆಗೂ ನಡುವಿನ ಮೌನ ಮಾತ್ರ ಹಂಗ ಬಿಟ್ಟೆ. ಅದು ಇರಬೇಕಾದ್ದು. ನಿಮ್ಮ ಮನ್ಯಾಗೂ ಹಳೇ ಕ್ಯಾಸೆಟ್ ಇದ್ದರ ಅವಸರ ಮಾಡಬ್ಯಾಡ್ರಿ, ದಿನಕ್ಕ ಒಂದು ಮಾಡಿದರ ಸಾಕು.

ಈಗ ಅವ್ವ ರಾತ್ರಿ ಏಳೂದಿಲ್ಲ. ಆದರ ಜೋಡಿಸಿದಲ್ಲಿ ಅರ್ಧ ಮಾತು ಇಲ್ಲ. ಅಪ್ಪ ರೇಡಿಯೋದಿಂದ ಟೇಪ್ ಮಾಡೂವಾಗ ಹೊಳ್ಳಿಸಿ ಹಾಕೂದ್ರಾಗ ಅಷ್ಟು ಹೋಗಿಬಿಟ್ಟದ. ಅದನ್ನ ನಾ ಎಲ್ಲಿಂದ ತರಲಿ?

ಮೊನ್ನೆ ಮಧ್ಯಾಹ್ನ ಹೆಸರಕಾಳು ಹಸನ ಮಾಡ್ಕೋತ ಅವ್ವ ಅದ ಮಾಲಕಂಸ ಕೇಳಾಕತ್ತಿದ್ಲು. ಆ ಜಾಗಾ ಬಂತು. ಹಾಡು ಒಂದು ಹೆಜ್ಜಿ ಜಿಗೀತು. ನಾನು ತಪ್ಪು ಮಾಡಿದವರಂಗ ಸುಮ್ಮನ ಕೂತೆ.

"ಇಲ್ಲೇ ನೋಡವಾ, ನಿಮ್ಮಪ್ಪ ಹೊಳ್ಳಿಸಿದ್ದು," ಅಂದ್ಲು, ಮತ್ತ ಮರ ಕೈಗೆ ತಗೊಂಡ್ಲು.