ಗುರುತು ಅಳಿದ ಮೇಲೆ ಉಳಿಯುವುದು

ನಮ್ಮ ಭಾಷೆಯಲ್ಲಿ ‘ಮುಖ’ ಎಂಬ ಎರಡಕ್ಷರದ ಪದ ಹೊರುವಷ್ಟು ಭಾರವನ್ನು ಬೇರಾವ ಅಂಗದ ಹೆಸರೂ ಹೊರುವುದಿಲ್ಲವೇನೋ. ಅವಮಾನವಾದರೆ ಮುಖಭಂಗ, ಇಲ್ಲವೆನ್ನಲಾಗದೆ ಒಪ್ಪಿಕೊಂಡರೆ ಮುಖದಾಕ್ಷಿಣ್ಯ. ಸಿಟ್ಟು ಬಂದರೆ ಮುಖ ಗಂಟಿಕ್ಕುತ್ತದೆ, ನಿರಾಶೆಯಾದರೆ ಸಪ್ಪಗಾಗುತ್ತದೆ. ಆಪ್ತರು ಮುನಿಸಿಕೊಂಡಾಗ ‘ಮುಖ ಕೊಟ್ಟು ಮಾತಾಡಲಿಲ್ಲ’ ಎಂದು ನೊಂದುಕೊಳ್ಳುತ್ತೇವೆ. ಬಂದವರಿಗೆ ಮಣೆ ಹಾಕುವುದಕ್ಕೂ ಮೊದಲು ಮುಖ ನೋಡಬೇಕೆಂಬುದು ಗಾದೆ. ಮನುಷ್ಯನ ಗುರುತು, ಅವನ ಭಾವ, ಸಮಾಜದಲ್ಲಿ ಅವನ ಮರ್ಯಾದೆ ಈ ಮೂರನ್ನೂ ನಮ್ಮ ಹಿರಿಯರು ಒಂದೇ ಪದದಲ್ಲಿ ಕಟ್ಟಿಟ್ಟಿದ್ದಾರೆ. ಆದರೆ ಮಿದುಳಿನೊಳಗೆ ಈ ಮೂರೂ ಒಂದೇ ಗಂಟಿನಲ್ಲಿಲ್ಲ ಎಂಬುದನ್ನು ವಿಜ್ಞಾನ ತೋರಿಸಿಕೊಟ್ಟಿದೆ. ಆ ಸಂಗತಿ ನನಗೆ ಇತ್ತೀಚೆಗೆ ಬಹಳ ಮುಖ್ಯವೆನಿಸಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ 32 ವರ್ಷ ಜೀವಶಾಸ್ತ್ರ ಕಲಿಸಿದವನು. ಕಪ್ಪುಹಲಗೆಯ ಮೇಲೆ ಕಣ್ಣಿನ ಚಿತ್ರ ಬರೆದು ಕಾರ್ನಿಯ, ಮಸೂರ, ರೆಟಿನಗಳನ್ನು ಗುರುತಿಸಿ, ದೃಷ್ಟಿನರವನ್ನು ಒಂದು ಬಾಲದಂತೆ ಎಳೆದು ‘ಮಿದುಳಿಗೆ’ ಎಂದು ಬಾಣದ ಗುರುತು ಹಾಕಿದರೆ ಪಾಠ ಮುಗಿಯುತ್ತಿತ್ತು. ಆ ಬಾಣ ಮುಟ್ಟಿದಲ್ಲಿ ಏನು ನಡೆಯುತ್ತದೆ ಎಂಬುದು ಪಠ್ಯಪುಸ್ತಕದ ಹೊರಗಿನ ಮಾತು. ನಿಜವಾದ ಕುತೂಹಲ ಆರಂಭವಾಗುವುದು ಅಲ್ಲಿಂದಲೇ.

ಜರ್ಮನಿಯ ನರವೈದ್ಯ ಯೋಆಖಿಮ್ ಬೋಡಾಮರ್ 1947ರಲ್ಲಿ ಕೆಲವು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ಒಬ್ಬ, ತಲೆಗೆ ಗುಂಡು ತಗುಲಿ ಬದುಕುಳಿದ ಯುವಕ. ಅವನ ಕಣ್ಣು ಕುರುಡಾಗಿರಲಿಲ್ಲ. ಆದರೂ ಮನೆಯವರ ಮುಖಗಳು ಅವನಿಗೆ ಯಾರವೂ ಆಗಿರಲಿಲ್ಲ; ಕನ್ನಡಿಯಲ್ಲಿ ಕಂಡ ತನ್ನ ಮುಖವೂ ಅಪರಿಚಿತವೇ. ಧ್ವನಿಯಿಂದ, ನಡಿಗೆಯಿಂದ ಮಾತ್ರ ಜನರನ್ನು ಗುರುತಿಸುತ್ತಿದ್ದ. ಬೋಡಾಮರ್ ಇದಕ್ಕೆ ‘ಪ್ರೊಸೊಪಗ್ನೋಸಿಯ’ ಎಂದು ಹೆಸರಿಟ್ಟರು. ನಾವು ಮುಖಗುರುಡು ಎನ್ನಬಹುದು. ಐವತ್ತು ವರ್ಷಗಳ ತರುವಾಯ, 1997ರಲ್ಲಿ, ಅಮೆರಿಕದ ನ್ಯಾನ್ಸಿ ಕ್ಯಾನ್‌ವಿಶರ್ ಮತ್ತು ಸಂಗಡಿಗರು ಮಿದುಳಿನ ತಳಭಾಗದ ಫ್ಯೂಸಿಫಾರ್ಮ್ ಎಂಬ ಮಡಿಕೆಯಲ್ಲಿ, ಹೆಚ್ಚಾಗಿ ಬಲಬದಿಯಲ್ಲಿ, ಬೇರೆ ವಸ್ತುಗಳಿಗಿಂತ ಮುಖವನ್ನು ಕಂಡಾಗಲೇ ಹೆಚ್ಚು ಚುರುಕಾಗುವ ಒಂದು ಪುಟ್ಟ ಪ್ರದೇಶವನ್ನು ಸ್ಕ್ಯಾನಿಂಗ್ ಮೂಲಕ ಗುರುತಿಸಿದರು. ಪೆಟ್ಟು ಬೀಳದೆಯೂ, ಹುಟ್ಟಿನಿಂದಲೇ ಮುಖಗಳನ್ನು ನೆನಪಿಡಲಾರದವರಿದ್ದಾರೆ. ಇಂಥ ರೋಗಿಗಳ ಕಥೆಯನ್ನು 1985ರಲ್ಲಿ ಜಗತ್ತಿಗೆಲ್ಲ ಪರಿಚಯಿಸಿದ ವೈದ್ಯ ಸಾಹಿತಿ ಆಲಿವರ್ ಸ್ಯಾಕ್ಸ್ ಅವರಿಗೇ ಈ ತೊಂದರೆ ಜೀವನಪೂರ್ತಿ ಇತ್ತು.

ಇನ್ನೂ ಸೋಜಿಗದ ಸಂಗತಿ ಮುಂದಿದೆ. 1985ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಡೇನಿಯಲ್ ಟ್ರಾನೆಲ್ ಮತ್ತು ಆಂಟೋನಿಯೊ ಡಮಾಸಿಯೊ ಇಬ್ಬರು ಮುಖಗುರುಡು ರೋಗಿಗಳಿಗೆ ಹಲವು ಭಾವಚಿತ್ರಗಳನ್ನು ತೋರಿಸಿದರು. ಬೆವರಿನಿಂದ ಚರ್ಮದಲ್ಲಾಗುವ ಸೂಕ್ಷ್ಮ ವ್ಯತ್ಯಾಸವನ್ನು ಅಳೆಯುವ ಉಪಕರಣವನ್ನು ಅವರಿಗೆ ಜೋಡಿಸಲಾಗಿತ್ತು. ‘ಇವರು ಯಾರು?’ ಎಂದರೆ ಬಾಯಿ ‘ಗೊತ್ತಿಲ್ಲ’ ಎನ್ನುತ್ತಿತ್ತು. ಆದರೆ ಪರಿಚಿತರ ಮುಖ ಬಂದಾಗ ಚರ್ಮ ಬೇರೆಯೇ ಉತ್ತರ ಕೊಡುತ್ತಿತ್ತು! ಅರಿವಿಗೆ ಸಿಗದ ಗುರುತು ದೇಹಕ್ಕೆ ಸಿಕ್ಕಿತ್ತು.

ಇದಕ್ಕೆ ತದ್ವಿರುದ್ಧವಾದ ಕಾಯಿಲೆಯೂ ಉಂಟು. 1923ರಲ್ಲಿ ಫ್ರಾನ್ಸಿನ ಮನೋವೈದ್ಯ ಜೋಸೆಫ್ ಕ್ಯಾಪ್‌ಗ್ರಾ ಅವರು ತಮ್ಮ ಸಹೋದ್ಯೋಗಿಯೊಡನೆ ಒಬ್ಬ ಮಹಿಳೆಯ ವಿಷಯ ಬರೆದರು. ಗಂಡ ಮಕ್ಕಳ ಮುಖ ಆಕೆಗೆ ಚೆನ್ನಾಗಿ ಗೊತ್ತು. ಆದರೆ ‘ಇವರು ಅವರಲ್ಲ, ಅವರಂತೆಯೇ ಇರುವ ಬೇರೆಯವರು’ ಎಂಬುದು ಆಕೆಯ ದೃಢವಾದ ನಂಬಿಕೆ. ಇಂಥವರಲ್ಲಿ ಮುಖವನ್ನು ಗುರುತಿಸುವ ಶಕ್ತಿ ಉಳಿದು, ಆ ಮುಖ ಎಬ್ಬಿಸಬೇಕಾದ ಆಪ್ತಭಾವ ಮಾತ್ರ ಏಳುವುದಿಲ್ಲ ಎಂಬ ವಿವರಣೆಯನ್ನು ಹ್ಯಾಡನ್ ಎಲ್ಲಿಸ್ ಮತ್ತು ಆಂಡ್ರೂ ಯಂಗ್ 1990ರಲ್ಲಿ ಮುಂದಿಟ್ಟರು. ಮುಂದೆ ವಿ. ಎಸ್. ರಾಮಚಂದ್ರನ್ ಮತ್ತು ವಿಲಿಯಂ ಹರ್ಸ್ಟೈನ್ ಪರೀಕ್ಷಿಸಿದ ರೋಗಿಯೊಬ್ಬ ಎದುರಿಗೆ ನಿಂತ ತಂದೆತಾಯಿಗಳನ್ನು ವೇಷಧಾರಿಗಳೆನ್ನುತ್ತಿದ್ದ. ದೂರವಾಣಿಯಲ್ಲಿ ಧ್ವನಿ ಕೇಳಿದರೆ ಅನುಮಾನವೇ ಇಲ್ಲ.

‘ಇವರು ಯಾರು’ ಎಂಬ ಅರಿವು ಒಂದು ದಾರಿ, ‘ಇವರು ನಮ್ಮವರು’ ಎಂಬ ಭಾವ ಇನ್ನೊಂದು ದಾರಿ. ಆರೋಗ್ಯವಂತರಲ್ಲಿ ಎರಡೂ ಜೊತೆಗೂಡಿ ಹರಿಯುವುದರಿಂದ ನಮಗೆ ಅವು ಒಂದೇ ಎನಿಸುತ್ತವೆ. ಒಂದು ಕಟ್ಟಿಹೋದರೂ ಮತ್ತೊಂದು ಹರಿಯುತ್ತಿರಬಹುದು.

ಈ ಮಾತು ನನಗೇಕೆ ಮುಖ್ಯವಾಯಿತೆಂದು ಈಗ ಹೇಳಬೇಕು. ನನ್ನೊಡನೆ 19 ವರ್ಷ ಗಣಿತ ಕಲಿಸಿದ ಹಿರಿಯ ಮಿತ್ರರೊಬ್ಬರಿಗೆ ಈಗ ಆಲ್‌ಝೈಮರ್ ಕಾಯಿಲೆ. ಹೆಸರು, ಊರು ಇಲ್ಲಿ ಬೇಡ. ಜೂನ್ ತಿಂಗಳು ಮುಗಿಯುವುದರೊಳಗೆ ಎಂಟನೆಯ ತರಗತಿಯ ಹೊಸ ಮಕ್ಕಳೆಲ್ಲರ ಮುಖವನ್ನೂ ಹಾಜರಿ ಸಂಖ್ಯೆಯನ್ನೂ ಹೊಂದಿಸಿ ಹೇಳಬಲ್ಲವರಾಗಿದ್ದರು ಅವರು. ಈಗ ನನ್ನ ಗುರುತು ಅವರಿಗೆ ಹತ್ತುವುದಿಲ್ಲ. ತಿಂಗಳಿಗೊಮ್ಮೆ ಹೋಗಿ ಒಂದು ಗಂಟೆ ಕುಳಿತು ಬರುತ್ತೇನೆ. ಕಳೆದ ಬಾರಿ ಅವರ ಮಗ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದವನು ಹೇಳಿದ: “ನೀವು ಇಷ್ಟು ದೂರ ಬರುತ್ತೀರಿ ಸಾರ್. ನೀವು ಹೊರಟ ಐದು ನಿಮಿಷಕ್ಕೆ ಅಪ್ಪ ಯಾರೂ ಬಂದೇ ಇರಲಿಲ್ಲ ಅನ್ನುತ್ತಾರೆ. ಸುಮ್ಮನೆ ನಿಮಗೆ ಯಾಕೆ ತೊಂದರೆ?” ಆ ಮಾತಿನಲ್ಲಿ ಅಸಡ್ಡೆ ಇರಲಿಲ್ಲ, ದಣಿವಿತ್ತು. ಬರುತ್ತಿದ್ದ ಹಳೆಯ ವಿದ್ಯಾರ್ಥಿಗಳೂ ಇದೇ ಕಾರಣದಿಂದ ಒಬ್ಬೊಬ್ಬರಾಗಿ ನಿಂತುಬಿಟ್ಟಿದ್ದಾರೆ. ಅವರ ಮನೆಯವರು ಮಾತ್ರ ಬೇರೊಂದು ಮಾತು ಹೇಳಿದ್ದರು: “ಯಾರಾದರೂ ಬಂದು ನಗುನಗುತ್ತಾ ಮಾತಾಡಿ ಹೋದ ದಿನ ರಾತ್ರಿ ಹಟ ಮಾಡದೆ ಊಟ ಮಾಡುತ್ತಾರೆ. ಯಾಕೆ ಅಂತ ಅವರಿಗೂ ಗೊತ್ತಿಲ್ಲ.”

ಒಂದು ಮನೆಯ ಅನುಭವ ವಿಜ್ಞಾನದಲ್ಲಿ ಪ್ರಮಾಣವಾಗದು ಎಂಬುದನ್ನು ನಾನೇ ಮಕ್ಕಳಿಗೆ ಕಲಿಸಿದ್ದೇನೆ. ಆದರೆ ಇಲ್ಲಿ ಪ್ರಮಾಣವೂ ಇದೆ. 2014ರಲ್ಲಿ ಅದೇ ಅಯೋವಾದಲ್ಲಿ, ಮೊದಲಿನ ಪ್ರಯೋಗದ ಟ್ರಾನೆಲ್ ಅವರೂ ಸೇರಿದ್ದ ತಂಡವೊಂದು 17 ಮಂದಿ ಆಲ್‌ಝೈಮರ್ ರೋಗಿಗಳಿಗೆ ದುಃಖದ ಹಾಗೂ ಸಂತೋಷದ ಚಲನಚಿತ್ರ ತುಣುಕುಗಳನ್ನು ತೋರಿಸಿತು. ಸ್ವಲ್ಪ ಹೊತ್ತಿನಲ್ಲೇ ಅವರು ನೋಡಿದ್ದರ ಬಹುಪಾಲನ್ನು ಮರೆತಿದ್ದರು. ಒಬ್ಬರಿಗಂತೂ ಚಿತ್ರ ನೋಡಿದ ನೆನಪೇ ಇರಲಿಲ್ಲ. ಆದರೆ ಚಿತ್ರ ಎಬ್ಬಿಸಿದ ಭಾವ ಅರ್ಧ ಗಂಟೆಯವರೆಗೂ ಉಳಿದಿತ್ತು. ಅಷ್ಟೇ ಅಲ್ಲ, ನೆನಪು ಕಡಿಮೆ ಉಳಿದವರಲ್ಲಿ ದುಃಖ ಹೆಚ್ಚು ಹೊತ್ತು ಉಳಿದಿತ್ತು. ದುಃಖಕ್ಕೆ ಕಾರಣ ತಿಳಿದಿದ್ದರೆ ಮನಸ್ಸನ್ನು ಸಂತೈಸಬಹುದು. ಕಾರಣವೇ ಅಳಿಸಿಹೋದ ದುಃಖವನ್ನು ಹೇಗೆ ಸಂತೈಸುವುದು?

ಇದರಿಂದ ಕಾಯಿಲೆ ವಾಸಿಯಾಗುತ್ತದೆಂದು ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಕಾಳಿದಾಸನ ದುಷ್ಯಂತನಿಗೆ ಉಂಗುರ ಕಂಡೊಡನೆ ಶಕುಂತಲೆಯ ನೆನಪು ಮರಳಿತು. ನಮ್ಮ ಮಿತ್ರರಿಗೆ ತೋರಿಸಲು ನಮ್ಮಲ್ಲಿ ಅಂಥ ಉಂಗುರವಿಲ್ಲ. ನನ್ನ ಭೇಟಿಯಿಂದ ಅವರಿಗೆ ಸಿಗುವುದು ಸ್ವಲ್ಪ ಹೊತ್ತಿನ ನೆಮ್ಮದಿ ಇರಬಹುದು, ಅಷ್ಟೆ. ಅವರ ಮಗನ ಪ್ರಶ್ನೆಗೆ ನನ್ನಲ್ಲಿರುವ ಉತ್ತರವೂ ಇಷ್ಟೇ: ಆ ಸ್ವಲ್ಪ ಹೊತ್ತು ಸಾಕು. ತರಗತಿಯಲ್ಲಿ ನಾವು ಕೊಡುತ್ತಿದ್ದುದೂ 40 ನಿಮಿಷಗಳನ್ನೇ. ಮಕ್ಕಳು ಪಾಠವನ್ನು ಮರೆತರು. ಯಾವ ಮೇಷ್ಟರ ತರಗತಿಯಲ್ಲಿ ಭಯವಿರಲಿಲ್ಲ ಎಂಬುದನ್ನು ಮರೆತಿಲ್ಲ.

ಇನ್ನೊಂದು ಕಾರಣವೂ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ 1902ರಲ್ಲೇ ಒಂದು ವಿಚಾರವನ್ನು ಮಂಡಿಸಿದ್ದರು. ‘ನಾನು’ ಎಂಬುದು ನನ್ನೊಳಗೆ ತಾನಾಗಿ ಬೆಳೆದದ್ದಲ್ಲ. ಇತರರು ನನ್ನನ್ನು ಹೇಗೆ ಕಾಣುತ್ತಾರೆಂದು ನಾನು ಊಹಿಸುತ್ತೇನೋ ಆ ಕನ್ನಡಿಯಲ್ಲಿ ಮೂಡುವ ರೂಪ ಅದು. ನನ್ನ ಮಿತ್ರರು ಗಣಿತದ ಮೇಷ್ಟರು ಎಂಬುದು ಈಗ ಅವರಿಗೆ ನೆನಪಿಲ್ಲ. ಅದು ಉಳಿದಿರುವುದು ನಮ್ಮ ಕಣ್ಣುಗಳಲ್ಲಿ. ನಾವೂ ಹೋಗುವುದನ್ನು ಬಿಟ್ಟರೆ ಆ ಕನ್ನಡಿಯನ್ನೂ ಅವರ ಮನೆಯಿಂದ ತೆಗೆದಂತಾಗುತ್ತದೆ.

ಆದ್ದರಿಂದ ಇದನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮಗೆ ಪಾಠ ಹೇಳಿದವರೋ, ನಿಮ್ಮ ಅಜ್ಜ ಅಜ್ಜಿಯರೋ ಈ ಸ್ಥಿತಿಯಲ್ಲಿದ್ದರೆ ಹೋಗಿ ಬನ್ನಿ. ಹೋದವರು ದಯವಿಟ್ಟು ‘ನಾನು ಯಾರು, ಹೇಳಿ ನೋಡೋಣ’ ಎಂದು ಕೇಳಬೇಡಿ. ಅದು ಪ್ರಶ್ನೆಪತ್ರಿಕೆ. ಉತ್ತರ ತಿಳಿಯದೆ ಕುಳಿತವನ ಮುಖವನ್ನು ಪರೀಕ್ಷಾ ಕೊಠಡಿಗಳಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ. ಪ್ರಶ್ನೆ ಮರೆತುಹೋದ ಮೇಲೂ ಆ ಸಂಕಟ ಅವರಲ್ಲಿ ಉಳಿದುಬಿಡಬಹುದು. ಬಾಗಿಲಲ್ಲೇ ನಿಮ್ಮ ಹೆಸರನ್ನು ನೀವೇ ಹೇಳಿ. ಅವರ ಕಣ್ಣಿಗೆ ನಿಮ್ಮ ಮುಖ ಕಾಣುವಂತೆ ಎದುರಿಗೆ ಕುಳಿತು ನಿಧಾನವಾಗಿ ಮಾತಾಡಿ. ಹಳೆಯ ಸಂಗತಿ ಹೇಳುವಾಗ ‘ನೆನಪಿದೆಯೇ’ ಎನ್ನಬೇಡಿ, ಕಥೆಯಂತೆ ಹೇಳಿ. ನಿಮ್ಮ ಹೆಸರನ್ನು ಇನ್ನೊಮ್ಮೆ ಕೇಳಿದರೆ ಮೊದಲ ಸಲ ಹೇಳಿದಷ್ಟೇ ಸಂತೋಷದಿಂದ ಇನ್ನೊಮ್ಮೆ ಹೇಳಿ.